ಕೋಟೆಗೋಡೆಯಿಂದ ಹಗ್ಗ ಹಿಡಿದು ಇಳಿದ ವೃದ್ಧ

ಇಬ್ನು ಖಲ್ದೂನ್ ಎಂಬ ಹೆಸರನ್ನು ನೀವು ಕೇಳಿರುತ್ತೀರಿ. ಶಾಲೆಯ ಪಠ್ಯದಲ್ಲಿ ಅಲ್ಲದಿದ್ದರೆ ಯಾವುದಾದರೊಂದು ಭಾಷಣದಲ್ಲಾದರೂ ಕೇಳಿರುತ್ತೀರಿ. ಇತಿಹಾಸಶಾಸ್ತ್ರದ ಪಿತಾಮಹ, ಸಮಾಜಶಾಸ್ತ್ರದ ಜನಕ ಎಂಬ ಬಿರುದುಗಳ ಜೊತೆಗೇ ಆ ಹೆಸರು ನಮ್ಮ ಕಿವಿಗೆ ಬೀಳುವುದು ವಾಡಿಕೆ. ಅವರ ಮುಖದ್ದಿಮ ಎಂಬ ಗ್ರಂಥವನ್ನು ಹೊಗಳುವವರು ಬಹಳ, ಓದಿದವರು ಕಡಿಮೆ. ನಾನೂ ಮದ್ರಸದಲ್ಲಿ ಕಲಿಯುತ್ತಿದ್ದಾಗ ಅದನ್ನು ಓದಿದ್ದಕ್ಕಿಂತ ಕಪಾಟಿನ ಗಾಜಿನ ಹಿಂದೆ ನೋಡಿದ್ದೇ ಹೆಚ್ಚು.

ಆದರೆ ಆ ಮಹಾ ಗ್ರಂಥವನ್ನು ಬರೆದ ವ್ಯಕ್ತಿ ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ, ಚಳಿಗಾಲದ ಒಂದು ಮುಂಜಾನೆ, ದಮಾಸ್ಕಸ್ ನಗರದ ಕೋಟೆಗೋಡೆಯಿಂದ ಹಗ್ಗದ ಸಹಾಯದಿಂದ ಹೊರಗೆ ಇಳಿದರು ಎಂಬುದು ನಿಮಗೆ ಗೊತ್ತೇ? ಅಂದು ಕ್ರಿ.ಶ. 1401ರ ಜನವರಿ 10. ಗೋಡೆಯ ಹೊರಗೆ ಕಾದು ನಿಂತಿದ್ದುದು ತೈಮೂರನ ಸೈನ್ಯ. ಕೇವಲ ಎರಡು ವರ್ಷಗಳ ಹಿಂದೆ, 1398ರ ಡಿಸೆಂಬರಿನಲ್ಲಿ, ನಮ್ಮ ದೆಹಲಿಯನ್ನು ಕೊಳ್ಳೆ ಹೊಡೆದು ಅಲ್ಲಿನ ಬೀದಿಗಳನ್ನು ಹೆಣಗಳಿಂದ ತುಂಬಿದ್ದ ಅದೇ ತೈಮೂರ್ ಲಂಗ್.

ಆ ವೃದ್ಧರು ಯಾಕೆ ಇಳಿದರು? ಪ್ರಾಣ ಉಳಿಸಿಕೊಳ್ಳಲೇ? ನಗರವನ್ನು ಉಳಿಸಲೇ? ಅಥವಾ ತಮ್ಮ ಕಾಲದ ಅತ್ಯಂತ ಬಲಿಷ್ಠ ದೊರೆಯನ್ನು ಕಣ್ಣಾರೆ ನೋಡುವ ಇತಿಹಾಸಕಾರನ ಕುತೂಹಲವೇ? ಆರು ಶತಮಾನಗಳಿಂದ ವಿದ್ವಾಂಸರು ಈ ಪ್ರಶ್ನೆಯ ಸುತ್ತ ಚರ್ಚಿಸುತ್ತಲೇ ಬಂದಿದ್ದಾರೆ. ನೀವೇ ತೀರ್ಮಾನಿಸಬೇಕಾದರೆ ಮೊದಲು ಆ ಮನುಷ್ಯ ಯಾರು, ಅವರು ಏನೇನನ್ನು ಕಳೆದುಕೊಂಡು ಆ ಗೋಡೆಯ ಬಳಿಗೆ ಬಂದರು ಎಂಬುದನ್ನು ತಿಳಿಯಬೇಕು.

ಅಬ್ದುರ್ರಹ್ಮಾನ್ ಇಬ್ನು ಖಲ್ದೂನ್ ಹುಟ್ಟಿದ್ದು ಉತ್ತರ ಆಫ್ರಿಕಾದ ತುನೀಸ್ ನಗರದಲ್ಲಿ, ಹಿಜ್ರಿ 732ರ ರಮಝಾನ್ ಒಂದರಂದು, ಅಂದರೆ ಕ್ರಿ.ಶ. 1332ರ ಮೇ 27ರಂದು. ಮೂಲತಃ ಯಮನಿನ ಹದ್ರಮೌತ್‌ನ ಮನೆತನ. ಸ್ಪೇನಿನ ಸೆವಿಲ್ ನಗರದಲ್ಲಿ ತಲೆಮಾರುಗಳ ಕಾಲ ಬಾಳಿ, ಆ ನಗರ ಕ್ರೈಸ್ತ ದೊರೆಗಳ ಕೈಸೇರುವ ಹೊತ್ತಿಗೆ ಸಮುದ್ರ ದಾಟಿ ಬಂದವರು. ಬಾಲಕ ಕುರ್‌ಆನ್ ಕಂಠಪಾಠ ಮಾಡಿದ, ಹದೀಸ್ ಮತ್ತು ಫಿಕ್ಹ್ ಕಲಿತ. ಹದಿನಾರು ಹದಿನೇಳರ ವಯಸ್ಸು. ಆಗ ಬಂತು ಮಹಾಮಾರಿ ಪ್ಲೇಗು. 1348-49ರ ಆ ಪಿಡುಗು ತಾಯಿ ತಂದೆ ಇಬ್ಬರನ್ನೂ ಒಯ್ದಿತು, ಅನೇಕ ಉಸ್ತಾದರನ್ನೂ ಒಯ್ದಿತು. ಊರು ಬರಿದಾಯಿತು. ಮುಂದೆ ಅವರು ತಮ್ಮ ಗ್ರಂಥದಲ್ಲಿ ನಾಗರಿಕತೆಗಳು ಹೇಗೆ ಸವೆದು ಹೋಗುತ್ತವೆ ಎಂದು ವಿವರಿಸುವಾಗ ಈ ಪ್ಲೇಗನ್ನು ಮರೆಯಲಿಲ್ಲ.

ಇಪ್ಪತ್ತರ ಹೊತ್ತಿಗೆ ಅವರಿಗೆ ತುನೀಸಿನ ಆಸ್ಥಾನದಲ್ಲಿ ಕೆಲಸ ಸಿಕ್ಕಿತು. ರಾಜಪತ್ರಗಳಲ್ಲಿ ಬಿಸ್ಮಿಲ್ಲಾಹ್‌ನ ಕೆಳಗೆ ಅಲ್ಲಾಹನ ಸ್ತುತಿಯ ಒಂದು ಸಾಲನ್ನು ದಪ್ಪ ಲೇಖನಿಯಿಂದ ಬರೆಯುವ ಕೆಲಸ. ಆ ಹುದ್ದೆ ಅವರಿಗೆ ಸಾಲಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದನ್ನು ಪೂರ್ತಿ ಹೇಳಹೊರಟರೆ ದೊರೆಗಳ ಹೆಸರುಗಳಲ್ಲೇ ನೀವು ಕಳೆದುಹೋಗುತ್ತೀರಿ. ಇಂದಿನ ಟ್ಯುನೀಷಿಯಾ, ಅಲ್ಜೀರಿಯಾ, ಮೊರಾಕೊಗಳಲ್ಲಿ ಆಗ ಮೂರು ರಾಜವಂಶಗಳು ಒಂದನ್ನೊಂದು ಕಚ್ಚಾಡುತ್ತಿದ್ದವು. ಇಬ್ನು ಖಲ್ದೂನ್ ಒಬ್ಬರಿಂದ ಇನ್ನೊಬ್ಬರ ಸೇವೆಗೆ ಹೋದರು, ಬಂದರು, ಮತ್ತೆ ಹೋದರು. ನಿಷ್ಠೆಯ ವಿಷಯದಲ್ಲಿ ಅವರು ಆದರ್ಶಪ್ರಾಯರಾಗಿದ್ದರು ಎಂದು ಹೇಳಿದರೆ ಅದು ಸುಳ್ಳಾದೀತು. ಫೆಝ್ ನಗರದ ಸುಲ್ತಾನ ಸಂಚಿನ ಶಂಕೆಯಿಂದ 1357ರಲ್ಲಿ ಅವರನ್ನು ಸೆರೆಗೆ ಹಾಕಿದ. ಸುಮಾರು ಇಪ್ಪತ್ತೊಂದು ತಿಂಗಳ ನಂತರ, ಆ ಸುಲ್ತಾನ ಸತ್ತ ಮೇಲೆಯೇ ಅವರು ಹೊರಬಂದದ್ದು.

1364ರಲ್ಲಿ ಗ್ರಾನಡಾದ ಸುಲ್ತಾನನ ರಾಯಭಾರಿಯಾಗಿ ಅವರು ಸೆವಿಲ್‌ಗೆ, ಕ್ಯಾಸ್ಟೀಲಿನ ದೊರೆ ಪೇದ್ರೊನ ಆಸ್ಥಾನಕ್ಕೆ ಹೋದರು. ತಮ್ಮ ಪೂರ್ವಜರು ಬಿಟ್ಟುಬಂದ ಊರನ್ನು ಕಂಡರು. ದೊರೆಗೆ ಈ ಮುಸ್ಲಿಮ್ ವಿದ್ವಾಂಸನ ಮೇಲೆ ಎಷ್ಟು ಮೆಚ್ಚುಗೆಯಾಯಿತೆಂದರೆ, ಇಲ್ಲೇ ಉಳಿದರೆ ನಿಮ್ಮ ಮನೆತನದ ಆಸ್ತಿಯನ್ನೆಲ್ಲ ಮರಳಿಸುತ್ತೇನೆಂದ. ಇಬ್ನು ಖಲ್ದೂನ್ ನಯವಾಗಿ ನಿರಾಕರಿಸಿದರು. ಹೊರಡುವಾಗ ದೊರೆ ಅವರಿಗೆ ಚಿನ್ನದ ಅಲಂಕಾರದ ಲಗಾಮಿನ ಒಂದು ಹೇಸರಗತ್ತೆಯನ್ನು ಉಡುಗೊರೆಯಾಗಿ ಕೊಟ್ಟ. ಅದನ್ನವರು ತಮ್ಮ ಸುಲ್ತಾನನಿಗೆ ಒಪ್ಪಿಸಿಬಿಟ್ಟರು. ಈ ಹೇಸರಗತ್ತೆಯನ್ನು ನೆನಪಿನಲ್ಲಿಡಿ. ಇವರ ಜೀವನದಲ್ಲಿ ಇನ್ನೊಂದು ಹೇಸರಗತ್ತೆ ಬರಲಿದೆ.

ಆಮೇಲಿನ ವರ್ಷಗಳಲ್ಲಿ ಗ್ರಾನಡಾದ ಮಹಾ ಸಾಹಿತಿ, ಗೆಳೆಯ ಇಬ್ನುಲ್ ಖತೀಬ್ ಫೆಝ್‌ನ ಸೆರೆಮನೆಯಲ್ಲಿ ಕೊಲೆಯಾದರು. ಅವರನ್ನು ಉಳಿಸಲು ಇಬ್ನು ಖಲ್ದೂನ್ ಮಾಡಿದ ಪ್ರಯತ್ನ ಫಲಿಸಲಿಲ್ಲ. ರಾಜಕೀಯದಿಂದ ಮನಸ್ಸು ಬೇಸತ್ತಿತು. 1375ರಲ್ಲಿ ಕುಟುಂಬ ಸಮೇತ ಅಲ್ಜೀರಿಯಾದ ಒಳನಾಡಿನ ಇಬ್ನು ಸಲಾಮ ಕೋಟೆಗೆ ಹೋಗಿ ನಾಲ್ಕು ವರ್ಷಗಳಷ್ಟು ಕಾಲ ನೆಲೆಸಿದರು. ಅಲ್ಲಿ, 1377ರಲ್ಲಿ, ಕೇವಲ ಐದು ತಿಂಗಳಲ್ಲಿ ಮುಖದ್ದಿಮದ ಮೊದಲ ರೂಪವನ್ನು ಬರೆದು ಮುಗಿಸಿದರು. ಮರುಭೂಮಿಯ, ಬೆಟ್ಟದ ಕಷ್ಟಜೀವಿಗಳಲ್ಲಿ ಒಗ್ಗಟ್ಟಿರುತ್ತದೆ. ಅವರು ಅದನ್ನು ಅಸಬಿಯ್ಯ ಎಂದು ಕರೆದರು. ಆ ಒಗ್ಗಟ್ಟಿನ ಬಲದಿಂದ ರಾಜ್ಯ ಕಟ್ಟುತ್ತಾರೆ. ನಗರದ ಸುಖ ಅಂಟಿಕೊಳ್ಳುತ್ತದೆ, ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಒಗ್ಗಟ್ಟು ಕರಗುತ್ತದೆ, ಆಗ ಮರುಭೂಮಿಯಿಂದ ಇನ್ನೊಂದು ಹಸಿದ ಕುಲ ಬಂದು ಬಾಗಿಲು ತಟ್ಟುತ್ತದೆ. ಸ್ಥೂಲವಾಗಿ ಇದೇ ಅವರ ಸಿದ್ಧಾಂತ. ಇದನ್ನು ಬರೆಯುವಾಗ, ಮುಂದೊಂದು ದಿನ ಅಂಥ ಕುಲದ ನಾಯಕನೆದುರು ತಾವೇ ಮಂಡಿಯೂರಿ ಕುಳಿತಿರುತ್ತೇವೆ ಎಂದು ಅವರು ಎಣಿಸಿರಲಾರರು.

1382ರಲ್ಲಿ ಹಜ್ಜ್‌ಗೆ ಹೋಗುತ್ತೇನೆಂದು ತುನೀಸಿನ ಸುಲ್ತಾನನಿಂದ ಅಪ್ಪಣೆ ಪಡೆದು ಹಡಗು ಹತ್ತಿದರು. ಆದರೆ ಮುಂದಿನ ವರ್ಷ ಅವರು ಹೋದದ್ದು ಕೈರೋಗೆ. ಕೈರೋ ಅವರನ್ನು ಬೆರಗುಗೊಳಿಸಿತು. ಅಲ್ ಅಝ್ಹರ್‌ನಲ್ಲಿ ಪಾಠ ಹೇಳಿದರು, ಸುಲ್ತಾನ್ ಬರ್ಕೂಕ್‌ನ ಆದರ ಗಳಿಸಿದರು, 1384ರಲ್ಲಿ ಮಾಲಿಕೀ ಮದ್‌ಹಬ್‌ನ ಮುಖ್ಯ ಖಾಝಿಯಾದರು.

ಖಾಝಿ ಪೀಠದಲ್ಲಿ ಅವರು ಹೇಗಿದ್ದರು? ಇಲ್ಲಿ ನೀವು ಬೇರೊಬ್ಬ ಇಬ್ನು ಖಲ್ದೂನರನ್ನು ಕಾಣುತ್ತೀರಿ. ನ್ಯಾಯಾಲಯದ ಸುತ್ತ ಬೆಳೆದಿದ್ದ ಸುಳ್ಳು ಸಾಕ್ಷಿದಾರರನ್ನು, ಖೋಟಾ ದಸ್ತಾವೇಜು ಬರೆಯುವವರನ್ನು, ವಕ್ಫ್ ಆಸ್ತಿಗಳನ್ನು ಕಾಗದದ ಚಾತುರ್ಯದಿಂದ ನುಂಗುವವರನ್ನು ಅವರು ಹಿಡಿದು ಶಿಕ್ಷಿಸಿದರು. ಅಮೀರರ ಶಿಫಾರಸುಗಳಿಗೆ ಕಿವಿಗೊಡಲಿಲ್ಲ. ಈಜಿಪ್ಟಿನ ಖಾಝಿಗಳ ಉಡುಪನ್ನೂ ಧರಿಸಲಿಲ್ಲ, ತಮ್ಮ ಪಶ್ಚಿಮ ನಾಡಿನ ಉಡುಪಿನಲ್ಲೇ ಪೀಠದಲ್ಲಿ ಕುಳಿತರು. ವಿರೋಧಿಗಳು ಹುಟ್ಟಿಕೊಳ್ಳಲು ಇಷ್ಟು ಸಾಕಲ್ಲವೇ? ಅವರ ಕೋಪ, ಒರಟುತನಗಳ ಬಗ್ಗೆಯೂ ದೂರುಗಳಿದ್ದವು. ಹದೀಸ್ ವಿದ್ಯಾರ್ಥಿಗಳಿಗೆಲ್ಲ ಪರಿಚಿತರಾದ ಇಮಾಮ್ ಇಬ್ನು ಹಜರ್ ಅಸ್ಕಲಾನಿ ಕೈರೋದಲ್ಲಿ ಇವರನ್ನು ಕಂಡವರು. ಅವರು ಬರೆದಿಟ್ಟ ಪರಿಚಯದಲ್ಲಿ ಕಟು ಮಾತುಗಳಿವೆ. ಇತಿಹಾಸಕಾರ ಮಕ್ರೀಝಿಯಾದರೋ ಇವರ ಶಿಷ್ಯ, ಮುಖದ್ದಿಮಕ್ಕೆ ಸಾಟಿಯೇ ಇಲ್ಲವೆಂದು ಹೊಗಳಿದವರು. ಒಬ್ಬನೇ ಮನುಷ್ಯನ ಬಗ್ಗೆ ಇಬ್ಬರು ಪ್ರಾಮಾಣಿಕ ವಿದ್ವಾಂಸರು ಹೀಗೆ ಬೇರೆಬೇರೆ ಸಾಕ್ಷಿ ನುಡಿಯುವುದನ್ನು ಓದುವಾಗ ಆತುರದ ತೀರ್ಪು ಕೊಡಲು ನನಗೆ ಭಯವಾಗುತ್ತದೆ.

ಅದೇ 1384ರಲ್ಲಿ ಇನ್ನೊಂದು ಸಂಭವಿಸಿತು. ಅವರ ಪತ್ನಿ, ಮಕ್ಕಳು ಇನ್ನೂ ತುನೀಸಿನಲ್ಲಿದ್ದರು. ಇವರು ಮರಳಿ ಬರಲೆಂದು ಅಲ್ಲಿನ ಸುಲ್ತಾನ ಅವರನ್ನು ಕಳುಹಿಸದೆ ತಡೆದಿಟ್ಟಿದ್ದ. ಬರ್ಕೂಕ್ ತಾನೇ ಪತ್ರ ಬರೆದು ಅವರ ಬಿಡುಗಡೆಗೆ ಕೋರಿದ. ಕೊನೆಗೂ ಅನುಮತಿ ಸಿಕ್ಕಿ ಕುಟುಂಬ ಹಡಗು ಹತ್ತಿತು. ಅಲೆಕ್ಸಾಂಡ್ರಿಯಾ ತಲುಪುವ ಮುನ್ನ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಹದಿನೇಳರಲ್ಲಿ ತಾಯಿ ತಂದೆಯನ್ನು ಪ್ಲೇಗಿಗೆ ಕೊಟ್ಟವರು ಐವತ್ತೆರಡರಲ್ಲಿ ಮಡದಿ ಮಕ್ಕಳನ್ನು ಸಮುದ್ರಕ್ಕೆ ಕೊಟ್ಟರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ತಮ್ಮ ಆತ್ಮಕಥೆಯಲ್ಲಿ ಅವರು ಇದಕ್ಕೆ ಕೊಟ್ಟಿರುವುದು ಕೆಲವೇ ಸಾಲುಗಳು. ದುಃಖ ಬಹಳವಾಯಿತು, ಹುದ್ದೆ ಬಿಟ್ಟು ವಿರಕ್ತನಾಗಬೇಕೆನಿಸಿತು ಎಂದಷ್ಟೇ. ಮರುವರ್ಷ ಪದಚ್ಯುತಿಯಾದಾಗ ಅವರಿಗೆ ಅದು ಬಿಡುಗಡೆಯಂತೆಯೇ ಕಂಡಿತು. 1387ರಲ್ಲಿ ಹೊರಟು, ಮೊದಲು ನೆಪವಾಗಿದ್ದ ಹಜ್ಜನ್ನು ನಿಜವಾಗಿಯೂ ನೆರವೇರಿಸಿ ಬಂದರು.

1389ರಲ್ಲಿ ಬಂಡಾಯವೆದ್ದ ಅಮೀರರು ಸುಲ್ತಾನ್ ಬರ್ಕೂಕ್‌ನ ವಿರುದ್ಧ ಒಂದು ಫತ್ವಾ ಸಿದ್ಧಪಡಿಸಿ ಉಲಮಾಗಳಿಂದ ಸಹಿ ಹಾಕಿಸಿಕೊಂಡರು. ಸಹಿ ಹಾಕಿದವರಲ್ಲಿ ಇಬ್ನು ಖಲ್ದೂನರೂ ಇದ್ದರು. ಉಪಕಾರ ಮಾಡಿದವನ ವಿರುದ್ಧವೇ! ಬರ್ಕೂಕ್ ಮರಳಿ ಸಿಂಹಾಸನವೇರಿದಾಗ, ಬಲಾತ್ಕಾರಕ್ಕೆ ಮಣಿದು ಸಹಿ ಹಾಕಿದೆವೆಂದು ಅರಿಕೆ ಮಾಡಿಕೊಂಡರೂ ತಾವು ಮುಖ್ಯಸ್ಥರಾಗಿದ್ದ ಖಾನ್‌ಖಾಹಿನ ಹುದ್ದೆ ಕೈತಪ್ಪಿತು. ಈ ಘಟನೆಯನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಅಧಿಕಾರದೆದುರು ಇವರ ಕೈ ನಡುಗಿದ್ದು ದಮಾಸ್ಕಸ್‌ನಲ್ಲೇ ಮೊದಲಲ್ಲ.

ಈಗ ಆ ನಗರಕ್ಕೆ ಬರೋಣ. ಬರ್ಕೂಕ್ 1399ರಲ್ಲಿ ತೀರಿಕೊಂಡ. ಅವನ ಎಳೆಯ ಮಗ ಫರಜ್ ಸುಲ್ತಾನನಾದ. ಮರುವರ್ಷದ ಕೊನೆಯಲ್ಲಿ ತೈಮೂರ್ ಅಲೆಪ್ಪೊ ನಗರವನ್ನು ಧ್ವಂಸ ಮಾಡಿದ ಸುದ್ದಿ ಬಂತು. ಮುಂದಿನ ಗುರಿ ದಮಾಸ್ಕಸ್ ಎಂಬುದು ಸ್ಪಷ್ಟವಿತ್ತು. ಸಿರಿಯಾ ಆಗ ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಆಳ್ವಿಕೆಯಲ್ಲಿತ್ತು. ಸೈನ್ಯ ಹೊರಟಿತು, ಜೊತೆಗೆ ಖಾಝಿಗಳೂ ಹೊರಟರು. ಇಬ್ನು ಖಲ್ದೂನ್ ಆಗ ಎರಡನೆಯ ಬಾರಿ ಖಾಝಿಯಾಗಿ ಎರಡನೆಯ ಬಾರಿ ಪದಚ್ಯುತರಾಗಿದ್ದರು. ಬರಲಾರೆನೆಂದರೂ ಅಮೀರರು ಬಿಡಲಿಲ್ಲ. ಡಿಸೆಂಬರಿನಲ್ಲಿ ದಮಾಸ್ಕಸ್ ಸೇರಿ ಆದಿಲಿಯ್ಯ ಮದ್ರಸದಲ್ಲಿ ಬಿಡಾರ ಹೂಡಿದರು.

ಸಣ್ಣಪುಟ್ಟ ಕಾಳಗಗಳು ನಡೆಯುತ್ತಿದ್ದವು. ಇದ್ದಕ್ಕಿದ್ದಂತೆ ಒಂದು ರಾತ್ರಿ, ಕೈರೋದಲ್ಲಿ ಕೆಲವು ಅಮೀರರು ಸಿಂಹಾಸನ ಕಬಳಿಸಲು ಹೊರಟಿದ್ದಾರೆಂಬ ಗುಸುಗುಸು ಕೇಳಿ ಬಾಲ ಸುಲ್ತಾನನೂ ಅವನ ಸಲಹೆಗಾರರೂ ಸದ್ದಿಲ್ಲದೆ ಈಜಿಪ್ಟಿಗೆ ಹೊರಟುಹೋದರು. ಬೆಳಗಾದಾಗ ದಮಾಸ್ಕಸ್‌ನ ಜನರಿಗೆ ತಿಳಿದದ್ದಿಷ್ಟು: ಹೊರಗೆ ತೈಮೂರನಿದ್ದಾನೆ, ಒಳಗೆ ಸುಲ್ತಾನನಿಲ್ಲ. ಓದುಗರೇ, ಆ ಮನೆಗಳಲ್ಲಿದ್ದ ತಾಯಂದಿರನ್ನು, ಮಕ್ಕಳನ್ನು ಸ್ವಲ್ಪ ಊಹಿಸಿಕೊಳ್ಳಿ. ಅಲೆಪ್ಪೊದ ಸುದ್ದಿ ಅವರೆಲ್ಲರ ಕಿವಿಗೂ ಬಿದ್ದಿತ್ತು.

ಖಾಝಿಗಳೂ ಊರಿನ ಹಿರಿಯರೂ ಆದಿಲಿಯ್ಯ ಮದ್ರಸದಲ್ಲಿ ಸೇರಿ ತೈಮೂರನಿಂದ ಅಮಾನ್, ಅಂದರೆ ಅಭಯ ಬೇಡಲು ನಿಶ್ಚಯಿಸಿದರು. ಒಳಕೋಟೆಯ ಅಧಿಕಾರಿ ಇದಕ್ಕೆ ಒಪ್ಪಲಿಲ್ಲ. ಆದರೂ ಹನ್ಬಲೀ ಖಾಝಿ ಬುರ್ಹಾನುದ್ದೀನ್ ಇಬ್ನು ಮುಫ್ಲಿಹ್ ಗೋಡೆ ದಾಟಿ ಹೋಗಿ ಮಾತಾಡಿ ಬಂದರು. ಬಂದವರು ಒಂದು ವಿಚಿತ್ರ ಸುದ್ದಿ ತಂದರು. ಇಬ್ನು ಖಲ್ದೂನ್ ಇನ್ನೂ ಊರಿನಲ್ಲಿದ್ದಾರೆಯೇ, ಸೈನ್ಯದೊಂದಿಗೆ ಹೋದರೇ ಎಂದು ತೈಮೂರ್ ವಿಚಾರಿಸಿದನಂತೆ!

ಆ ರಾತ್ರಿ ಜಾಮಿಅ ಮಸೀದಿಯಲ್ಲಿ ಜನರ ನಡುವೆ ದೊಡ್ಡ ಜಗಳವಾಯಿತು. ಶರಣಾಗತಿಯ ಮಾತನ್ನು ನಂಬಬಾರದೆಂದು ಒಂದು ಗುಂಪು ಕೂಗಾಡಿತು. ನಡುರಾತ್ರಿಯಲ್ಲಿ ಈ ಸುದ್ದಿ ತಲುಪಿದಾಗ ತಮ್ಮ ಪ್ರಾಣಕ್ಕೇ ಅಪಾಯ ಬಂದೀತೆಂದು ಇಬ್ನು ಖಲ್ದೂನ್ ಹೆದರಿದರು. ಹೆದರಿದೆನೆಂದು ಅವರೇ ಬರೆದಿದ್ದಾರೆ. ಬೆಳಕು ಹರಿಯುವ ಮುನ್ನವೇ ಕೋಟೆಬಾಗಿಲಿಗೆ ಹೋಗಿ, ತನ್ನನ್ನು ಹೊರಗೆ ಬಿಡಿ, ಇಲ್ಲವೇ ಗೋಡೆಯಿಂದ ಇಳಿಸಿ ಎಂದು ಕೇಳಿಕೊಂಡರು. ಮೊದಲು ಒಪ್ಪದಿದ್ದವರು ಕೊನೆಗೆ ಒಪ್ಪಿ ಹಗ್ಗ ಕಟ್ಟಿ ಇಳಿಸಿದರು.

ಡೇರೆಯೊಳಗೆ ತೈಮೂರ್ ಮೊಣಕೈ ಊರಿ ಒರಗಿದ್ದ. ಅವನ ಮುಂದಿನಿಂದ ಊಟದ ತಟ್ಟೆಗಳು ಸೈನಿಕರ ಕಡೆಗೆ ಸಾಗುತ್ತಿದ್ದವು. ಇಬ್ನು ಖಲ್ದೂನ್ ಸಲಾಮ್ ಹೇಳಿ ವಿನಯದಿಂದ ಬಾಗಿದರು. ಅವನು ತಲೆಯೆತ್ತಿ ಕೈ ಚಾಚಿದ, ಇವರು ಆ ಕೈಯನ್ನು ಚುಂಬಿಸಿದರು. ಖ್ವಾರಿಝ್ಮಿನ ಹನಫೀ ವಿದ್ವಾಂಸ ಅಬ್ದುಲ್ ಜಬ್ಬಾರ್ ದುಭಾಷಿಯಾದರು. ತೈಮೂರನಿಗೆ ಪಶ್ಚಿಮದ ನಾಡುಗಳ ಬಗ್ಗೆ ತೀರದ ಆಸಕ್ತಿ. ತಂಜ ಎಲ್ಲಿದೆ, ಸಬ್ತ ಎಲ್ಲಿದೆ, ಸಿಜಿಲ್‌ಮಾಸ ಎಷ್ಟು ದೂರ ಎಂದು ಕೇಳಿದ. ಬಾಯಿಮಾತು ಸಾಲದೆಂದು, ಇಡೀ ಮಗ್ರಿಬ್ ನಾಡನ್ನು, ಅದರ ಬೆಟ್ಟ, ನದಿ, ಊರುಗಳನ್ನು, ತನ್ನ ಕಣ್ಣಿನಿಂದಲೇ ನೋಡಿದಂತಾಗುವ ಹಾಗೆ ಬರೆದು ಕೊಡಬೇಕೆಂದು ಆಜ್ಞಾಪಿಸಿದ. ಆಮೇಲೆ ರಿಶ್ತಾ ಬಂತು, ನಮ್ಮ ಶಾವಿಗೆಯಂಥ ಹಿಟ್ಟಿನ ಎಳೆಗಳ ಸಾರು. ಇಬ್ನು ಖಲ್ದೂನ್ ಅದನ್ನು ಚೆನ್ನಾಗಿ ಉಂಡರು. ಉಂಡದ್ದು ತೈಮೂರನಿಗೆ ಸಂತೋಷವಾಯಿತು ಎಂಬುದನ್ನೂ ಗಮನಿಸಿದರು.

ಅನಂತರ ಅವರಾಡಿದ ಮಾತುಗಳೇ ಇಂದಿಗೂ ಚರ್ಚೆಯ ವಸ್ತು. ನಿಮ್ಮನ್ನು ಕಾಣಬೇಕೆಂದು ಮೂವತ್ತು ನಲ್ವತ್ತು ವರ್ಷಗಳಿಂದ ಹಂಬಲಿಸುತ್ತಿದ್ದೇನೆ ಎಂದರು. ಆದಮರ ಕಾಲದಿಂದ ಇಂಥ ದೊರೆ ಹುಟ್ಟಿಲ್ಲ ಎಂದರು. ಅಸಬಿಯ್ಯದ ಸಿದ್ಧಾಂತವನ್ನೂ ಜೋಡಿಸಿ, ತುರ್ಕರಷ್ಟು ಒಗ್ಗಟ್ಟಿನ ಜನ ಬೇರಿಲ್ಲವೆಂದು ವಿವರಿಸಿದರು. ಇಂಥ ಒಬ್ಬ ವಿಜೇತ ಬರುತ್ತಾನೆಂದು ಮಗ್ರಿಬಿನ ಜ್ಯೋತಿಷಿಗಳು ಮೊದಲೇ ಹೇಳಿದ್ದರೆಂದೂ ಸೇರಿಸಿದರು. ತಮ್ಮ ಮುಖದ್ದಿಮದಲ್ಲಿ ಜ್ಯೋತಿಷ್ಯವನ್ನು ಖಂಡಿಸಿದ ಅದೇ ವ್ಯಕ್ತಿ!

ನಿಮಗೆ ಬೇಸರವಾಗುತ್ತಿರಬಹುದು. ನನಗೂ ಆಯಿತು. ಸುಮಾರು ನೂರು ವರ್ಷಗಳ ಹಿಂದೆ ಇದೇ ದಮಾಸ್ಕಸ್‌ನ ಮೇಲೆ ತಾರ್ತಾರಿ ದೊರೆ ಗಾಝಾನ್ ಏರಿಬಂದಿದ್ದಾಗ, ಅಭಯ ಕೇಳಲು ಹೋದ ನಿಯೋಗದಲ್ಲಿ ಇಮಾಮ್ ಇಬ್ನು ತೈಮಿಯ್ಯಾ ಇದ್ದರು. ಅವರು ದೊರೆಯ ಮುಖಕ್ಕೇ ಕಟುವಾಗಿ ಮಾತಾಡಿದರೆಂದೂ, ಜನರಿಂದ ದೋಚಿದ ಕುರಿಗಳ ಮಾಂಸವೆಂಬ ಕಾರಣಕ್ಕೆ ಅವನು ಬಡಿಸಿದ ಊಟವನ್ನು ಮುಟ್ಟಲಿಲ್ಲವೆಂದೂ ಚರಿತ್ರೆಕಾರರು ಹೇಳುತ್ತಾರೆ. ಅಕ್ರಮಿ ಅಧಿಕಾರಿಯ ಮುಂದೆ ಸತ್ಯ ನುಡಿಯುವುದು ಶ್ರೇಷ್ಠ ಜಿಹಾದ್ ಎಂದು ಪ್ರವಾದಿ(ಸ) ಕಲಿಸಿದ್ದನ್ನು ನಾವೆಲ್ಲ ಬಲ್ಲೆವು. ಒಬ್ಬರು ಊಟ ಮುಟ್ಟಲಿಲ್ಲ, ಇನ್ನೊಬ್ಬರು ಹೊಟ್ಟೆ ತುಂಬ ಉಂಡರು. ಪಾಠದ ನಡುವೆ ಒಮ್ಮೆ ಈ ಕಥೆ ಹೇಳಿದಾಗ ಹುಡುಗನೊಬ್ಬ ಥಟ್ಟನೆ ಕೇಳಿದ, ಹಾಗಾದರೆ ಇಬ್ನು ಖಲ್ದೂನ್ ಹೇಡಿಯೇ ಎಂದು. ನಾನು ಉತ್ತರಿಸಲಿಲ್ಲ. ಉಳಿದ ಕಥೆಯನ್ನು ಹೇಳಿದೆ. ನಿಮಗೂ ಹೇಳುತ್ತೇನೆ.

ಮುವ್ವತ್ತೈದು ದಿನಗಳ ಕಾಲ ಅವರು ತೈಮೂರನ ಬಳಿಗೆ ಹೋಗಿ ಬರುತ್ತಿದ್ದರು. ಮಗ್ರಿಬಿನ ವರ್ಣನೆಯನ್ನು ಹನ್ನೆರಡು ಸಣ್ಣ ಕಟ್ಟುಗಳಷ್ಟು ಕಾಗದದಲ್ಲಿ ಬರೆದು ಒಪ್ಪಿಸಿದರು. ಅದನ್ನು ತನ್ನವರ ಭಾಷೆಗೆ ಅನುವಾದಿಸಲು ತೈಮೂರ್ ಆದೇಶಿಸಿದ. ಬರಿಗೈಯಲ್ಲಿ ಹೋಗಬಾರದೆಂದು ಯಾರೋ ತಿಳಿಸಿದಾಗ ಪೇಟೆಯಲ್ಲಿ ಒಂದು ಸುಂದರ ಮುಸ್‌ಹಫ್, ಒಂದು ಮುಸಲ್ಲಾ, ಬುರ್ದಾ ಕಾವ್ಯದ ಒಂದು ಪ್ರತಿ ಮತ್ತು ಈಜಿಪ್ಟಿನ ಮಿಠಾಯಿಯ ನಾಲ್ಕು ಡಬ್ಬಿಗಳನ್ನು ಕೊಂಡು ಒಯ್ದರು. ಕುರ್‌ಆನ್ ಎಂದು ತಿಳಿದೊಡನೆ ತೈಮೂರ್ ಎದ್ದು ನಿಂತು ಅದನ್ನು ತಲೆಯ ಮೇಲಿಟ್ಟುಕೊಂಡ. ಅಲೆಪ್ಪೊದ ಮಸೀದಿಗಳಲ್ಲಿ ರಕ್ತ ಹರಿಸಿದವನ ತಲೆಯ ಮೇಲೆ ಕುರ್‌ಆನ್! ಇಬ್ನು ಖಲ್ದೂನ್ ಇದನ್ನು ಬರೆದಿದ್ದಾರೆ, ಟೀಕೆ ಟಿಪ್ಪಣಿಯಿಲ್ಲದೆ. ಮಿಠಾಯಿಯನ್ನು ಮೊದಲು ತಾವು ತಿಂದು ತೋರಿಸಿ ಅನಂತರ ಕೊಟ್ಟರು.

ಅವನ ಮನಸ್ಸು ಪ್ರಸನ್ನವಾಗಿರುವುದನ್ನು ನೋಡಿ ಆಗ ಕೇಳಿದರು. ಹಣವನ್ನಲ್ಲ, ಹುದ್ದೆಯನ್ನಲ್ಲ. ಸುಲ್ತಾನ ಬಿಟ್ಟು ಓಡಿದ ಮೇಲೆ ದಮಾಸ್ಕಸ್‌ನಲ್ಲಿ ಸಿಕ್ಕಿಬಿದ್ದಿದ್ದ ಕುರ್‌ಆನ್ ಪಾರಾಯಣಗಾರರು, ಗುಮಾಸ್ತರು, ಕಚೇರಿಯ ನೌಕರರು ಮುಂತಾದ ನಿರಾಶ್ರಿತರಿಗೆ ಅಭಯಪತ್ರ ಬೇಕೆಂದರು. ತೈಮೂರ್ ಒಪ್ಪಿ, ಲಿಖಿತ ಪತ್ರಕ್ಕೆ ಮುದ್ರೆ ಹಾಕಿಸಿದ. ಅಷ್ಟು ಮುಖಸ್ತುತಿಗೆ ದೊರೆತ ಬೆಲೆ ಆ ಒಂದು ಕಾಗದ. ಅದರಿಂದ ಎಷ್ಟು ಮನೆಗಳ ದೀಪ ಉಳಿಯಿತೆಂಬುದನ್ನು ಅಲ್ಲಾಹನೇ ಬಲ್ಲ.

ನಗರ ಮಾತ್ರ ಉಳಿಯಲಿಲ್ಲ. ಅಮಾನ್‌ನ ಹೆಸರಿನಲ್ಲಿ ಜನರಿಂದ ಹಣ ವಸೂಲಾಯಿತು, ಮತ್ತೆ ಕೇಳಲಾಯಿತು, ಮತ್ತೂ ಕೇಳಲಾಯಿತು. ತಿಂಗಳಿಗೂ ಹೆಚ್ಚು ಕಾಲ ಸೆಣಸಿದ ಒಳಕೋಟೆ ಬಿದ್ದಿತು. ಕೊನೆಗೆ 1401ರ ಮಾರ್ಚ್‌ನಲ್ಲಿ ಊರನ್ನು ಸೈನಿಕರ ಲೂಟಿಗೆ ಬಿಟ್ಟುಕೊಟ್ಟರು. ಹತ್ತಿದ ಬೆಂಕಿ ಉಮಯ್ಯಾ ಮಸೀದಿಯನ್ನು ತಲುಪಿ, ಛಾವಣಿಯ ಸೀಸ ಕರಗಿ ಸುರಿಯಿತು. ಕುಶಲಕರ್ಮಿಗಳನ್ನು ಸಮರ್‌ಖಂದಿಗೆ ಸಾಗಿಸಲಾಯಿತು. ತೈಮೂರನ ಎದುರು ಸ್ತುತಿಯ ಮಾತಾಡಿದ ಇಬ್ನು ಖಲ್ದೂನ್ ಇದನ್ನು ಬರೆಯುವಾಗ ಸ್ತುತಿಸಲಿಲ್ಲ. ಅತ್ಯಂತ ನೀಚ, ಹೇಯ ಕೃತ್ಯವೆಂದೇ ದಾಖಲಿಸಿದರು.

ಹೊರಡುವ ಮುನ್ನ ನಡೆದದ್ದು ಹೇಸರಗತ್ತೆಯ ಪ್ರಸಂಗ. ನಿಮ್ಮ ಬಳಿ ಹೇಸರಗತ್ತೆ ಇದೆಯೇ, ಚೆನ್ನಾಗಿದೆಯೇ, ಮಾರುತ್ತೀರಾ ಎಂದು ತೈಮೂರ್ ವಿಚಾರಿಸಿದ. ನನ್ನಂಥವನು ನಿಮ್ಮಂಥವರಿಗೆ ಮಾರುವುದುಂಟೇ ಎಂದು ಹೇಳಿ ಇವರು ಅದನ್ನು ಹಾಗೆಯೇ ಬಿಟ್ಟುಕೊಟ್ಟರು. ಮರಳುವ ದಾರಿಯಲ್ಲಿ, ಸಫದ್ ಕಡೆಯ ಹಾದಿಯಲ್ಲಿ, ದರೋಡೆಕೋರರು ಮೈಮೇಲಿನ ಬಟ್ಟೆಯನ್ನೂ ಬಿಡದೆ ದೋಚಿದರು. ಹೇಗೋ ಗಾಝಾ ಮುಟ್ಟಿ ಕೈರೋ ಸೇರಿದರು.

ಕೆಲಕಾಲದ ನಂತರ ತೈಮೂರನ ಬಳಿಗೆ ಹೋಗಿದ್ದ ಈಜಿಪ್ಟಿನ ರಾಯಭಾರಿ ಮರಳಿ ಬಂದಾಗ ಆ ಹೇಸರಗತ್ತೆಯ ಬೆಲೆಯೆಂದು ಹಣದ ಚೀಲವೊಂದು ಇಬ್ನು ಖಲ್ದೂನರ ಮನೆಗೆ ಬಂತು. ಅವರು ಮುಟ್ಟಲಿಲ್ಲ. ಶತ್ರು ದೊರೆಯಿಂದ ಬಂದ ಹಣ, ಸುಲ್ತಾನನ ಅನುಮತಿಯಿಲ್ಲದೆ ಪಡೆಯಲಾರೆ ಎಂದು ಹೇಳಿ ಆಸ್ಥಾನಕ್ಕೆ ಹೋಗಿ ವಿಷಯ ತಿಳಿಸಿದರು. ಅನುಮತಿ ಸಿಕ್ಕ ಮೇಲೆಯೇ ತೆಗೆದುಕೊಂಡರು. ಹಣ ಪೂರ್ತಿ ಇರಲಿಲ್ಲ. ನನ್ನ ಕೈಗೆ ಬಂದದ್ದೇ ಇಷ್ಟು ಎಂದು ತಂದವನು ಸಮಜಾಯಿಷಿ ನೀಡಿದ. ಇದನ್ನೂ ಇಬ್ನು ಖಲ್ದೂನ್ ಬರೆದಿಟ್ಟಿದ್ದಾರೆ.

ಇನ್ನೂ ಒಂದು ಕುತೂಹಲದ ಸಂಗತಿಯಿದೆ. ಕೈರೋ ಸೇರಿದೊಡನೆ ಅವರು ಮಗ್ರಿಬಿನ ಸುಲ್ತಾನನಿಗೆ ದೀರ್ಘ ಪತ್ರ ಬರೆದರು. ಚೆಂಗೀಸ್ ಖಾನನಿಂದ ಹಿಡಿದು ತಾರ್ತಾರರ ಚರಿತ್ರೆ, ತೈಮೂರ್ ಎಂಥವನು, ಅವನ ಸೈನ್ಯ ಎಷ್ಟು ದೊಡ್ಡದು ಎಂಬ ವಿವರಗಳೆಲ್ಲ ಅದರಲ್ಲಿದ್ದವು. ತೈಮೂರನಿಗೆ ಮಗ್ರಿಬಿನ ಪರಿಚಯ ಮಾಡಿಕೊಟ್ಟವರು ಮಗ್ರಿಬಿಗೆ ತೈಮೂರನ ಪರಿಚಯ ಮಾಡಿಕೊಟ್ಟರು. ತಮ್ಮ ಹುಟ್ಟುನಾಡಿಗೆ ಅಪಾಯ ತರಬಹುದಾದ ಬರಹವನ್ನು ಪ್ರಾಣಭಯದಿಂದ ಕೊಟ್ಟ ಪಶ್ಚಾತ್ತಾಪವೇ ಈ ಪತ್ರಕ್ಕೆ ಪ್ರೇರಣೆಯೇ? ಹಾಗೆಂದು ನನಗನ್ನಿಸುತ್ತದೆ. ಆದರೆ ಅವರೇ ಹಾಗೆ ಹೇಳಿಲ್ಲ.

ಈ ಭೇಟಿಯ ಬಗ್ಗೆ ಇನ್ನೊಂದು ಕಥನವೂ ಇದೆ. ದಮಾಸ್ಕಸ್‌ನಿಂದ ಬಾಲಕನಾಗಿ ಸಮರ್‌ಖಂದಿಗೆ ಒಯ್ಯಲ್ಪಟ್ಟ ಇಬ್ನು ಅರಬ್‌ಶಾಹ್ ಮುಂದೆ ತೈಮೂರನ ಚರಿತ್ರೆ ಬರೆದರು. ಅವರ ಪ್ರಕಾರ ಇಬ್ನು ಖಲ್ದೂನ್ ಜಾಣ್ಮೆಯಿಂದ ತೈಮೂರನನ್ನು ಮರುಳು ಮಾಡಿ, ತನ್ನ ಪುಸ್ತಕಗಳೆಲ್ಲ ಕೈರೋದಲ್ಲಿವೆ, ತಂದು ನಿಮ್ಮ ಸೇವೆಗೆ ನಿಲ್ಲುತ್ತೇನೆಂದು ನಂಬಿಸಿ ಪಾರಾದರು. ಇಬ್ನು ಖಲ್ದೂನರ ಬರಹದಲ್ಲಿ ಇಂಥ ವೀರ ಚಾತುರ್ಯವಿಲ್ಲ. ಅಲ್ಲಿರುವುದು ಹೆದರಿದ, ಹೊಗಳಿದ, ಬೇಡಿದ ಒಬ್ಬ ವೃದ್ಧ. ಡೇರೆಯೊಳಗೆ ಅವರಾಡಿದ ಆ ಮಾತುಗಳನ್ನು ಅವರೇ ಬರೆಯದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಆ ಹುಡುಗನ ಪ್ರಶ್ನೆಗೆ ನಾನು ಕೊನೆಯಲ್ಲಿ ತೋರಿಸಿದ್ದು ಇದನ್ನೇ.

ತೈಮೂರನ ಬಗ್ಗೆ ಅವರು ಬರೆದದ್ದು ಎಷ್ಟು ನಿಖರವಾಗಿತ್ತೆಂದರೆ, ಅವನ ಬಲ ಮೊಣಕಾಲಿಗೆ ಪೆಟ್ಟಾಗಿ ಕುಂಟುತ್ತಾನೆ, ದೂರ ಹೋಗಬೇಕಾದರೆ ಜನ ಎತ್ತಿ ಒಯ್ಯುತ್ತಾರೆ ಎಂದು ದಾಖಲಿಸಿದ್ದರು. 1941ರ ಜೂನ್‌ನಲ್ಲಿ ಸೋವಿಯತ್ ವಿಜ್ಞಾನಿಗಳು ಸಮರ್‌ಖಂದಿನ ಗೋರಿಯನ್ನು ತೆರೆದು ನೋಡಿದಾಗ ಊನವಾಗಿದ್ದುದು ಬಲಗಾಲೇ.

ತೈಮೂರ್ 1405ರಲ್ಲಿ ಸತ್ತ. ಕೈರೋದಲ್ಲಿ ಇಬ್ನು ಖಲ್ದೂನ್ ಮತ್ತೆ ಮತ್ತೆ ಖಾಝಿಯಾದರು, ಮತ್ತೆ ಮತ್ತೆ ಪದಚ್ಯುತರಾದರು. ಆರನೆಯ ಬಾರಿ ನೇಮಕಗೊಂಡ ಕೆಲವೇ ದಿನಗಳಲ್ಲಿ, ಹಿಜ್ರಿ 808ರ ರಮಝಾನ್ 25ರಂದು, ಅಂದರೆ 1406ರ ಮಾರ್ಚ್ 17ರಂದು ನಿಧನರಾದರು. ಬಾಬುನ್ನಸ್ರ್ ಎಂಬ ಹೆಬ್ಬಾಗಿಲಿನ ಹೊರಗೆ ಸೂಫಿಗಳ ಖಬರಸ್ತಾನದಲ್ಲಿ ದಫನ ಮಾಡಿದರು. ಇಂದು ಅಲ್ಲಿ ಅವರ ಖಬರ್ ಇದೇ ಎಂದು ಯಾರೂ ಬೆರಳು ಮಾಡಿ ತೋರಿಸಲಾರರು.

ಅವರ ಆತ್ಮಕಥೆಯ ಪೂರ್ಣ ಪಾಠ ಶತಮಾನಗಳ ಕಾಲ ಇಸ್ತಾಂಬುಲಿನ ಗ್ರಂಥಾಲಯಗಳ ಹಸ್ತಪ್ರತಿಗಳಲ್ಲಿ ಅಡಗಿತ್ತು. ಮೊರಾಕೊದ ವಿದ್ವಾಂಸ ಮುಹಮ್ಮದ್ ಇಬ್ನು ತಾವೀತ್ ತಂಜಿ ಅದನ್ನು ಸಂಪಾದಿಸಿ 1951ರಲ್ಲಿ ಕೈರೋದಿಂದ ಪ್ರಕಟಿಸಿದರು. ದಮಾಸ್ಕಸ್‌ನ ಆ ಮೂವತ್ತೈದು ದಿನಗಳ ಪೂರ್ಣ ವಿವರ ಜಗತ್ತಿಗೆ ಸಿಕ್ಕಿದ್ದು ಹಾಗೆ. ತೈಮೂರನಿಗಾಗಿ ಬರೆದುಕೊಟ್ಟ ಆ ಹನ್ನೆರಡು ಕಟ್ಟುಗಳು ಮಾತ್ರ, ಅರಬಿಯ ಮೂಲವಾಗಲೀ ಅನುವಾದವಾಗಲೀ, ಇದುವರೆಗೆ ಎಲ್ಲೂ ಸಿಕ್ಕಿಲ್ಲ.